ಜಪಾನದ ಹೆಣ್ಣುಪಾತ್ರ

ಕಮಲಾಪುರ, ಫಸಲಿ ೧೩೩೧

ದೌಲಪ್ಪ,

ನೀ ಸತ್ತು ಹೋದ ಊರಿಗೆ ನಿಜಾಮ ಸರ್ಕಾರದ ಟಪಾಲು ಮುಟ್ಟಂಗಿಲ್ಲ, ಆದ್ರೂ ಕೇಳು. ನಿನ್ನೆ ಕಲಬುರ್ಗಿ ಕೋಟಿ ಹತ್ರ ಡೇರಾದಾಗ ಜಪಾನದ ಹೊಸ ಬಯಸ್ಕೋಪ ನೋಡಿದೆ. ನಾಯಕಿ ತನ್ನ ದೊಡ್ಡ ಕೈ ಅಂಗಿತೋಳಿನಾಗ ಮುಚ್ಚಿಗೊಂಡು ಬಂದಳು, ಥೇಟ್ ಬಯಲಾಟದ ಹೆಣ್ಣುಪಾತ್ರದಾಗ ನೀ ಸೆರಗಿನಾಗ ಮುಚ್ಚತಿದ್ದಂಗ. ‘ಅದು ಗಂಡಸು’ ಅಂದೆ. ಮಗ್ಗಲದಾಗ ಅಳಾಕತ್ತಿದ್ದ ನನ್ನ ಹೆಂಡತಿ, ‘ಹೆಣ್ಣಿನ ಸಂಕಟ ನಿಮಗೇನು ತಿಳೀತದ, ಸುಮ್ಮ ಕೂಡ್ರಿ’ ಅಂದಳು.

ಕಡೀಗಿ ನಾಯಕಿ ಗಂಡನ ತೊಡಿ ಮ್ಯಾಲ ಸತ್ತಳು. ನೀನೂ ಆಟದಾಗ ನನ್ನ ತೊಡಿ ಮ್ಯಾಲ ಹಂಗೇ ಸಾಯ್ತಿದ್ದಿ. ನನಗ ಅಳು ಬರಲಿಲ್ಲಂದ್ರ ಸತ್ತ ಮ್ಯಾಲೂ ಚಿವುಟತಿದ್ದಿ. ನಿನ್ನೆ ಯಾರೂ ಚಿವುಟಲಿಲ್ಲ, ಆದ್ರೂ ಕಣ್ಣೀರು ನಿಲ್ಲಲಿಲ್ಲ.

ಹೆಂಡತಿ ಸೆರಗು ಕೊಟ್ಟು, ‘ಈಗರೆ ನಂಬಿದ್ರೇನ್ರೀ, ಅಕಿ ಹೆಣ್ಣಂತ?’ ಅಂದಳು.

ಹೂಂ ಅಂದೆ.

ನಿನ್ನ ಆಟದ ಗಂಡ,
ಮಲ್ಲಣ್ಣ