ಕಿಟಕಿಯ ಮುಂದೆ ಹಾದುಹೋಗುವ ಬಸ್ಸು

ಮನೆಯಿಂದ
ಜೂನ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಮಂಡಿನೋವು ಹೇಗಿದೆ? ಡಾಕ್ಟರು ಕೊಟ್ಟ ಮಾತ್ರೆಗಳನ್ನು ನುಂಗುತ್ತಿದ್ದೀಯೋ, ಇಲ್ಲ ಎಂದಿನಂತೆ ಡಬ್ಬಿಯಲ್ಲಿಟ್ಟು ಕಾವಲು ಕಾಯುತ್ತಿದ್ದೀಯೋ? ನಿನ್ನ ಮೊಮ್ಮಗಳು ಗಿಣಿ ಚೆನ್ನಾಗಿದ್ದಾಳೆ. ಎರಡು ವರ್ಷ ತುಂಬಿದ್ದೇ ತಡ, ಮನೆಯಲ್ಲಿ ಅವಳದೇ ದರ್ಬಾರು. ಈಗ ನನ್ನ ಕಾಲ ಬಳಿ ಕುಳಿತು ಡ್ಯೂಟಿ ಬೂಟಿನೊಳಗೆ ತನ್ನ ಆಟಿಕೆಗಳನ್ನೆಲ್ಲ ತುರುಕುತ್ತಿದ್ದಾಳೆ. ಫೋನು ಮಾಡಬಹುದಿತ್ತಲ್ಲ ಎನ್ನಬೇಡ. ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಟ್ಟರೆ ತಾನೆ!

ಗಿಣಿಯ ಅಪ್ಪ ಬೇರೆ ಸಂಸಾರ ಹೂಡಿದಾಗ ನೀನು ಹೇಳಿದ ಮಾತು ನೆನಪಿದೆ: "ನೀನು ಕೆಲಸಕ್ಕೆ ಹೋಗು, ಮಗೂನ ನನಗೆ ಕೊಡು. ಸ್ಕೂಲಿಗೆ ಸೇರೋವರೆಗೂ ನಾನು ನೋಡ್ಕೋತೀನಿ." ಒಂದು ತಿಂಗಳು ನನ್ನ ಬಳಿಯೇ ಇಟ್ಟುಕೊಂಡು ನೋಡೋಣ, ಆಗದಿದ್ದರೆ ನಿನ್ನ ಹತ್ತಿರ ತಂದು ಬಿಡುತ್ತೇನೆ ಎಂದು ನಾನೂ ಒಪ್ಪಿದ್ದೆ. ಆ ತಿಂಗಳು ಮುಗಿದಿದೆ. ನಾನು ಮತ್ತೆ ಬಸ್ಸು ಓಡಿಸುತ್ತಿದ್ದೇನೆ. ಮೊದಲ ದಿನ ಮೊದಲ ತಿರುವಿನಲ್ಲಿ ಗೇರು ತಪ್ಪಿತು, ಎರಡನೇ ತಿರುವಿನ ಹೊತ್ತಿಗೆ ಎಲ್ಲ ಸಲೀಸು. ಅಷ್ಟು ಸುಲಭಕ್ಕೆ ಮರೆಯುವ ವಿದ್ಯೆಯಲ್ಲ ನನ್ನದು.

ಗಿಣಿಯನ್ನು ಒಬ್ಬ ನಿವೃತ್ತ ನರ್ಸ್ ನೋಡಿಕೊಳ್ಳುತ್ತಾರೆ. ಎಲ್ಲರೂ ನರ್ಸಮ್ಮ ಎನ್ನುತ್ತಾರೆ. ಮನೆ ಲಕಲಕ ಎನ್ನುತ್ತದೆ, ಮಾತು ಮಾತ್ರ ಚೂರಿ. ನಾನು ಆ ಮನೆಯನ್ನು ಆರಿಸಿದ್ದಕ್ಕೆ ಕಾರಣ ಬೇರೆಯೇ ಇತ್ತು. ಅದರ ಮುಂದಿನ ಕೋಣೆಯ ಕಿಟಕಿ ಬಸ್ಸಿನ ರಸ್ತೆಗೆ ನೇರ. ಡಿಪೋದಲ್ಲಿ ಪಾಳಿ ಹಂಚುವ ಹಿರಿಯರ ತಲೆ ತಿಂದು ಅದೇ ರಸ್ತೆಯ ಬಸ್ಸನ್ನು ಗಿಟ್ಟಿಸಿಕೊಂಡೆ. ದಿನವಿಡೀ ಮಗಳ ಮುಖ ಕಾಣುತ್ತಿರುತ್ತದೆ, ನನ್ನಂಥ ಜಾಣೆ ಯಾರಿದ್ದಾರೆ ಎಂದು ಬೀಗಿದ್ದೇ ಬೀಗಿದ್ದು.

ಆದದ್ದೇ ಬೇರೆ. ಕಿಟಕಿ ಹತ್ತಿರ ಬಂದಾಗಲೆಲ್ಲ ನಾನು ವೇಗ ತಗ್ಗಿಸಿ ಕೈ ಬೀಸುತ್ತಿದ್ದೆ. ಅವಳೂ ಕೈ ಬೀಸುತ್ತಿದ್ದಳು. ಬಸ್ಸು ಮುಂದೆ ಸಾಗಿದ ಮೇಲೆ ಏನಾಗುತ್ತಿತ್ತು ಎಂಬುದು ನನಗೆ ಕಾಣಿಸುತ್ತಿರಲಿಲ್ಲ. ಸಂಜೆ ಹೋದರೆ ಅತ್ತು ಅತ್ತು ಗಿಣಿಗೆ ಗಂಟಲು ಕಟ್ಟಿರುತ್ತಿತ್ತು, ಊಟ ಹಾಗೇ ಉಳಿದಿರುತ್ತಿತ್ತು. ಎರಡನೇ ವಾರ ಮನಸ್ಸಿನಲ್ಲೇ ಅವಳ ಬಟ್ಟೆಗಳನ್ನು ನಿನ್ನ ಮನೆಗೆಂದು ಮಡಚತೊಡಗಿದ್ದೆ ಅಮ್ಮಾ, ಸುಳ್ಳೇಕೆ ಹೇಳಲಿ. ಆಗ ನರ್ಸಮ್ಮ ನನ್ನನ್ನು ಬಾಗಿಲಲ್ಲೇ ತಡೆದು ಅಂದರು: "ಬೇರೆ ತಾಯಂದಿರು ಬೆಳಿಗ್ಗೆ ಒಂದೇ ಸಲ ಬಿಟ್ಟು ಹೋಗ್ತಾರೆ. ನೀನು ದಿನವಿಡೀ ಬಿಟ್ಟು ಹೋಗ್ತಾನೇ ಇರ್ತೀಯಲ್ಲ. ಮಗು ಹೇಗೆ ತಡ್ಕೊಳ್ಳತ್ತೆ?"

ಎದೆಗೆ ನಾಟಿತು. ಸಿಟ್ಟೂ ಬಂತು, ಏಕೆಂದರೆ ಮಾತು ನಿಜವಾಗಿತ್ತು. ಮರುದಿನವೇ ಪಾಳಿಯ ಹಿರಿಯರ ಮುಂದೆ ನಿಂತು ಆ ರಸ್ತೆ ಬೇಡ ಎಂದೆ. ಬೇಕೆಂದು ಪ್ರಾಣ ತಿಂದವಳೂ ನೀನೇ, ಬೇಡವೆನ್ನುವವಳೂ ನೀನೇ ಎಂದು ಗೊಣಗಿ ಊರಿನ ಇನ್ನೊಂದು ಕೊನೆಯ ಬಸ್ಸು ಕೊಟ್ಟರು. ಮೊದಲ ದಿನ ಅವಳನ್ನು ನೋಡದೆ ನನಗೇ ಊಟ ಸೇರಲಿಲ್ಲ. ಗಿಣಿ ಮಾತ್ರ ಅಂದು ತಟ್ಟೆ ಖಾಲಿ ಮಾಡಿದ್ದಳಂತೆ. ಈಗ ಬೆಳಿಗ್ಗೆ ಬಾಗಿಲಲ್ಲಿ ಸ್ವಲ್ಪ ಅಳುತ್ತಾಳೆ, ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಒಳಗಿನಿಂದ ಅವಳ ನಗು ಕೇಳಿಸುತ್ತದೆ. ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ, ಆದರೂ ಹಾಯಾಗಿ ಬಸ್ಸು ಹತ್ತುತ್ತೇನೆ.

ಇಷ್ಟೇ ಸಮಾಚಾರ. ಮೆಟ್ಟಿಲು ಹತ್ತಿಳಿಯುವಾಗ ಗೋಡೆ ಹಿಡಿದುಕೋ. ಗಿಣಿ ನಿನಗೆ ಮುತ್ತು ಕೊಡುತ್ತೇನೆಂದು ಕಾಗದದ ಮೂಲೆಯನ್ನು ಒದ್ದೆ ಮಾಡಿದ್ದಾಳೆ, ಅದನ್ನು ತೆಗೆದುಕೋ.

ನಿನ್ನ ಹಟಮಾರಿ
ಕಿರಿಮಗಳು

ಮರೆತಿದ್ದೆ: ನೀನು ಅವಳಿಗಾಗಿ ಪುಟ್ಟ ಮಂಚ ಮಾಡಿಸುತ್ತಿದ್ದೀಯೆಂದು ಅಕ್ಕ ಹೇಳಿದಳು. ಬೇಡಮ್ಮಾ, ಬಡಗಿಗೆ ಇವತ್ತೇ ಹೇಳಿಬಿಡು. ಮುಂದಿನ ತಿಂಗಳು ರಜೆಗೆ ನಾವಿಬ್ಬರೂ ಬರುತ್ತೇವೆ, ನಿನ್ನ ಹಾಸಿಗೆಯಲ್ಲೇ ಮೂವರೂ ಮಲಗೋಣ. ವಾಪಸ್ಸು ಹೊರಡುವಾಗಲೂ ನಾವಿಬ್ಬರೂ ಹೊರಡುತ್ತೇವೆ.