ಒಂದು ಎಂಎಂ ವೈರು

ಲೇ ವರಲಕ್ಷ್ಮಿ,

ಆಸ್ಪತ್ರೆಗೆ ಮೂರು ಸಲ ಬಂದೆ. ಮೂರು ಸಲವೂ ಮೂಸಂಬಿ ಸುಲಿದುಕೊಟ್ಟು, ಊರಿನ ಸುದ್ದಿ ಹೇಳಿ, ಬಸ್ಸು ಹತ್ತಿ ವಾಪಸ್ ಹೋದೆ. ನಿನ್ನ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೋಡಲು ಬಂದವರಿಗೆಲ್ಲ ನನ್ನ ಹೆಸರೆತ್ತಿ ನೀನು ಒಂದೇ ಮಾತು ಹೇಳುತ್ತೀಯ. "ವನಜಾ ವೈರಿಂಗು ಪಸಂದಾಗೇ ಮಾಡ್ಕೊಟ್ಟಿದ್ಲು ಕಣಮ್ಮ. ನಾನೇ ದೊಡ್ಡ ಇಸ್ತ್ರಿಪೆಟ್ಟಿಗೆ ತಂದು ಕೆಡಿಸ್ಕೊಂಡೆ." ನಿನ್ನ ಅತ್ತೆ ಬೊಮ್ಮಕ್ಕನವರು ಪಕ್ಕದಲ್ಲೇ ಕೂತು, "ಇದ್ದಿದ್ರಲ್ಲಿ ಇರ್ಬೇಕಾಗಿತ್ತು, ದುರಾಸೆ ಇವ್ಳಿಗೆ" ಅನ್ನುತ್ತಾರೆ. ನೀನು ತಲೆ ತಗ್ಗಿಸುತ್ತೀಯ. ನಾನು ಮೂಸಂಬಿ ಸಿಪ್ಪೆ ಆರಿಸುತ್ತಾ ಕೂತಿರುತ್ತೇನೆ. ನನ್ನ ಬಾಯಿಗೆ ಮಣ್ಣು ಹಾಕ.

ಹೋದ ವರ್ಷ ಚನ್ನರಾಯನದುರ್ಗದ ನಿನ್ನ ಹೊಲಿಗೆ ಅಂಗಡಿಗೆ ಇನ್ವರ್ಟರ್ ಕೂರಿಸಿದವಳು ನಾನು. "ಲೋಡ್ ಎಷ್ಟೈತೆ?" ಅಂತ ಕೇಳಿದೆ. "ಒಂದ್ ಮಿಷನ್ನು, ಒಂದ್ ಲೈಟು, ಒಂದ್ ಫ್ಯಾನು" ಅಂದೆ ನೀನು. ಇನ್ವರ್ಟರಿನಿಂದ ಅಂಗಡಿಗೆ ಹೋಗುವ ಲೈನಿಗೆ ತೆಳ್ಳನೆಯ ಒಂದು ಎಂಎಂ ವೈರ್ ಎಳೆದೆ. ಎರಡೂವರೆ ಎಂಎಂ ಸುರುಳಿ ನನ್ನ ಚೀಲದಲ್ಲೇ ಇತ್ತು. ಕೈಗೆ ತೆಗೆದುಕೊಂಡು ಮತ್ತೆ ಒಳಗಿಟ್ಟೆ. ಇವಳಿಗೆ ಅಷ್ಟು ದಪ್ಪ ವೈರ್ ಯಾಕೆ, ಇವಳು ಇದಕ್ಕಿಂತ ಹೆಚ್ಚೇನು ಮಾಡಿಯಾಳು ಅಂದುಕೊಂಡೆ. ಹೌದು ಕಣೇ, ಹಾಗೇ ಅಂದುಕೊಂಡೆ.

ಕರೆಂಟ್ ಹೋದಾಗಿನ ಲೆಕ್ಕ ಹಿಡಿದರೆ ಸಾಲದು. ಕರೆಂಟ್ ಇದ್ದಾಗಲೂ ಇಡೀ ಅಂಗಡಿಯ ಹೊರೆ ಇನ್ವರ್ಟರಿನ ಒಳಗಿಂದ ಹಾದು ಆ ಒಂದೇ ವೈರಿನಲ್ಲಿ ಹೋಗುತ್ತದೆ. ಅದಕ್ಕೇ ನಾಳೆ ಬರುವ ಸಾಮಾನನ್ನೂ ಸೇರಿಸಿ ವೈರ್ ಹಾಕಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಮೇಷ್ಟ್ರು ಶಂಕರಲಿಂಗಪ್ಪನವರ ಮನೆಯಲ್ಲಿ, ಮುಂದೆ ಫ್ರಿಜ್ ತರ್ತೀರಾ, ಮೋಟರ್ ಹಾಕಿಸ್ತೀರಾ ಅಂತ ಅವರಿಗೆ ಬೇಸರ ಬರುವಷ್ಟು ಕೇಳಿದ್ದೆ. ನಿನ್ನನ್ನು ಮಾತ್ರ ಕೇಳಲಿಲ್ಲ. ಜೊತೆಯಲ್ಲಿ ಬೆಳೆದವಳು, ಇವಳ ಬದುಕು ನನಗೆ ಗೊತ್ತಿಲ್ಲವಾ ಅನ್ನುವ ಕೊಬ್ಬು.

ನೀನು ಎರಡನೇ ಮಿಷನ್ ತಂದೆ. ಇಸ್ತ್ರಿಪೆಟ್ಟಿಗೆ ತಂದೆ. ಮದುವೆ ರವಿಕೆ ಹೊಲಿಸಲು ಮಧುಗಿರಿಯಿಂದಲೂ ಜನ ಬಂದರು. ಆವತ್ತು ಮಧ್ಯಾಹ್ನ ಎಲ್ಲ ಒಟ್ಟಿಗೆ ಓಡುತ್ತಿದ್ದಾಗ ಬಟ್ಟೆ ಕಪಾಟಿನ ಹಿಂದೆ ವೈರ್ ಕಾದು, ಕರಗಿ, ಬೆಂಕಿ ಹತ್ತಿತು. ಗಿರಾಕಿಗಳ ಸೀರೆ ಎಳೆಯಲು ಬಲಗೈ ಹಾಕಿದೆಯಂತೆ. ಏಳು ಸೀರೆ ಉಳಿದವು. ಆ ಕೈಯ ಬೆರಳು ಇನ್ನು ಸೂಜಿ ಹಿಡಿಯುವುದಿಲ್ಲ ಅಂತ ಡಾಕ್ಟರು ಹೇಳಿದಾಗ ನಾನು ಬಾಗಿಲ ಹೊರಗೇ ಇದ್ದೆ. ತಕ್ಷಣ ಒಳಗೆ ಬರಲಾಗಲಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ನಿನ್ನೆ ಬೊಮ್ಮಕ್ಕನವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಕರಗಿದ ವೈರಿನ ತುಂಡನ್ನೂ, ಎರಡೂವರೆಯ ತುಂಡನ್ನೂ ಅವರ ಅಂಗೈಯಲ್ಲಿಟ್ಟು ತೋರಿಸಿದೆ. ಎರಡನ್ನೂ ಬೆರಳಲ್ಲಿ ಹೊಸೆದು ನೋಡಿದರು. ಆಮೇಲೆ, "ನಾನೂ ಬಾಯಿಗ್ ಬಂದಂಗೆ ಅಂದ್ಬುಟ್ಟೆ. ಅವ್ಳಿಗೆ ಹೇಳೋಗಮ್ಮ, ನಂಗ್ಯಾಕೆ ಹೇಳ್ತೀಯ" ಅಂದರು.

ಹೇಳಿದ್ದೇನೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ. ಮುಖ ನೋಡಬೇಡ ಅಂದರೆ ಅದೂ ಸರಿ. ಇನ್ನು ಯಾರ ಮುಂದೆಯೂ ತಲೆ ತಗ್ಗಿಸಬೇಡ ಕಣೇ. ನೀನು ಎಷ್ಟು ಬೆಳೆಯಬಹುದು ಅಂತ ನಿನ್ನನ್ನು ಕೇಳದೆ ತೀರ್ಮಾನ ಮಾಡಿದವಳು ನಾನು.

ನಿನ್ನ ಉರಿ ಬೇಗ ಆರಲಿ, ಒಳ್ಳೆಯ ನಿದ್ದೆ ಬರಲಿ. ಬಾ ಅಂದ ದಿನ ಬರುತ್ತೇನೆ.

ನಿನ್ನ,
ವನಜಾ