ಆರೂವರೆಯ ಫೋನ್

ಮಾರ್ಚ್ ೭, ಸಂಜೆ

ಇದನ್ನು ಬರೆಯದೇ ಬಿಡುವುದರಲ್ಲಿದ್ದೆ: ಟೇಲರಮ್ಮ ಪಾಸಾಗುವುದು ನನಗೆ ಬೇಕಿಲ್ಲ.

ಬರೆದ ಮೇಲೆ ಅಷ್ಟೇನೂ ಕೆಟ್ಟದಾಗಿ ಕಾಣಿಸುತ್ತಿಲ್ಲ. ಅದೇ ಭಯ.

ನಾನು ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ವಾರದ ಕ್ಲಾಸ್ ಇತ್ತು. ಎಂದಿನಂತೆ ಕುರ್ಚಿಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಹಾಕಿದೆ. ಮುಖ ಕಾಣದಿದ್ದರೆ ದೊಡ್ಡವರು ನಾಚದೆ ಇಂಗ್ಲಿಷ್ ಮಾತಾಡುತ್ತಾರೆ. ಫೋನ್ ಆಟ. ನಿಯಮ ಒಂದೇ — ಹೇಳುವುದೆಲ್ಲ ಸುಳ್ಳಾಗಿರಬೇಕು. ನಿಜ ಹೇಳಹೋದರೆ ತಡವರಿಸುತ್ತಾರೆ, ಸುಳ್ಳಿಗೆ ನಾಲಿಗೆ ಸಲೀಸು. ಬಸ್ ಡ್ರೈವರ್ ತನಗೆ ಎರಡು ವಿಮಾನಗಳಿವೆ, ಒಂದು ರಿಪೇರಿಯಲ್ಲಿದೆ ಎಂದ. ಟೇಲರಮ್ಮ ಇನ್ನೊಂದನ್ನು ಬಾಡಿಗೆಗೆ ಕೇಳಿ, ಚೌಕಾಸಿ ಮಾಡಿ, ಕೊನೆಗೆ ಬಣ್ಣ ಸರಿಯಿಲ್ಲ ಎಂದುಬಿಟ್ಟಳು.

ಹೋಮ್‌ವರ್ಕ್ ಅಂದರೆ ಸಂಜೆ ನನಗೆ ಫೋನ್ ಮಾಡಿ ಇದೇ ಆಟ. ಉಳಿದವರು ಒಂದೆರಡು ದಿನ ಮಾಡಿ ಕೈಬಿಟ್ಟರು. ಟೇಲರಮ್ಮ ಬಿಡಲಿಲ್ಲ. ದಿನಾ ಆರೂವರೆಗೆ ಅವಳ ಫೋನ್ ಬರುತ್ತದೆ... ಮಧ್ಯಾಹ್ನದಿಂದಲೇ ನನ್ನ ಕಿವಿ ಅಲ್ಲಿರುತ್ತದೆ.

ಮಾರ್ಚ್ ೯

ದೊಡ್ಡ ಹೋಟೆಲೊಂದರ ಹೊಲಿಗೆ ವಿಭಾಗದಲ್ಲಿ ಅವಳಿಗೆ ಕೆಲಸ ಸಿಗುವಂತಿದೆ. ಕ್ಲಾಸ್ ಪಾಸಾಗಿದ್ದಾಳೆ, ಗಿರಾಕಿಗಳ ಜೊತೆ ಇಂಗ್ಲಿಷ್ ಮಾತಾಡಬಲ್ಲಳು ಎಂದು ನಾನು ಅವರಿಗೆ ಬರೆದು ಕಳಿಸಬೇಕು. ಸಂಜೆ ಪಾಳಿ. ಅಂದರೆ ಕ್ಲಾಸೂ ಇಲ್ಲ, ಫೋನೂ ಇಲ್ಲ.

'ಇನ್ನೊಂದು ಟರ್ಮ್ ಕಲಿತರೆ ಒಳ್ಳೆಯದು' ಎಂದು ಬರೆದಿಟ್ಟೆ. ಸುಳ್ಳೇನಲ್ಲ... ಯಾರಿಗೆ ತಾನೇ ಒಳ್ಳೆಯದಲ್ಲ?

ಮಾರ್ಚ್ ೧೦, ಏಳು ಗಂಟೆ

ಇವತ್ತು ಅವಳು ಮನೆ ಓನರ್, ನಾನು ಬಾಡಿಗೆಯವಳು. ಎಷ್ಟು ಜನ ಇದ್ದೀರಿ ಎಂದು ಇಂಗ್ಲಿಷಿನಲ್ಲೇ ದಬಾಯಿಸಿದಳು. ತುಂಬಿದ ಮನೆ ಎಂದೆ. ಅತ್ತೆ, ನಾದಿನಿ, ಅವಳ ಮಕ್ಕಳು, ಊಟಕ್ಕೆ ಕೂತರೆ ತಟ್ಟೆ ಸಾಲದು... ಹೇಳುತ್ತಲೇ ಹೋದೆ. ನಿಲ್ಲಿಸಲಾಗಲಿಲ್ಲ.

ಅವಳು ಇಂಗ್ಲಿಷ್ ಬಿಟ್ಟು, ಮೆಲ್ಲಗೆ:

"ಮಿಸ್, ಆಟದಲ್ಲಿ ಎಲ್ಲಾ ಸುಳ್ಳೇ ಹೇಳ್ಬೇಕು ಅಲ್ವಾ?"

"ಹೌದು."

"ಹಾಗಾದ್ರೆ ಮನೇಲಿ ಯಾರೂ ಇಲ್ವಾ?"

ಇಂಗ್ಲಿಷಿನಲ್ಲಿ ಮಾತಾಡು ಎಂದು ಗದರಿ ಫೋನ್ ಇಟ್ಟೆ.

ಮಾರ್ಚ್ ೧೩

ಆ ದಿನದಿಂದ ಫೋನಿಲ್ಲ. ನಿನ್ನೆ ಒಂದು ಬಂದಿತ್ತು — ನೀರಿನ ಬಿಲ್ಲಿನ ಬಗ್ಗೆ, ರೆಕಾರ್ಡ್ ಮಾಡಿದ ದನಿ. ಪೂರ್ತಿ ಕೇಳಿಸಿಕೊಂಡೆ.

ಮಾರ್ಚ್ ೧೪

ಕ್ಲಾಸ್ ಮುಗಿದರೂ ಟೇಲರಮ್ಮ ಹೋಗಲಿಲ್ಲ. ಕುರ್ಚಿ ಜೋಡಿಸುತ್ತಾ ನಿಂತಳು. ಮೊನ್ನೆಯದಕ್ಕೆ ಕ್ಷಮೆ ಕೇಳುತ್ತಾಳೇನೋ ಅಂದುಕೊಂಡೆ. ಕೇಳಿದ್ದು ಬೇರೆ.

"ನಂಗೆ ಇಂಗ್ಲಿಷ್ ನಿಜವಾಗ್ಲೂ ಬರುತ್ತಾ ಮಿಸ್? ಆಟ ಬಿಟ್ಟು ಹೇಳಿ. ಅಲ್ಲಿ ಹೋಗಿ ನಗೆಪಾಟಲಾಗೋದಾದ್ರೆ ನನ್ನ ಅಂಗಡಿನೇ ಸಾಕು."

'ಇನ್ನೂ ಸ್ವಲ್ಪ' ಎಂದಿದ್ದರೆ ಮುಗಿಯುತ್ತಿತ್ತು. ನಂಬುತ್ತಿದ್ದಳು. ಆಟದ ಹೊರಗೆ ನಾನು ಹೇಳಿದ್ದನ್ನೆಲ್ಲ ನಂಬುತ್ತಾಳೆ.

"ಬರುತ್ತೆ. ಚೆನ್ನಾಗೇ ಬರುತ್ತೆ. ಹೋಗು," ಎಂದೆ.

ಜೋಡಿಸಿದ ಕುರ್ಚಿಯ ಮೇಲೇ ಕೂತುಬಿಟ್ಟಳು. ಹೊರಡುವಾಗ, ರಜೆಯ ದಿನ ಫೋನ್ ಮಾಡಲೇ, ಇಂಗ್ಲಿಷ್ ಇಲ್ಲದೆ, ಎಂದಳು. ಏನು ಮಾತಾಡುವುದು ಎಂದು ಕೇಳಿದೆ. ಎಂಥ ಪ್ರಶ್ನೆ ನನ್ನದು. ನಕ್ಕು ಮೆಟ್ಟಿಲಿಳಿದಳು.

ಮಾರ್ಚ್ ೧೬, ಸಂಜೆ

ಹೋಟೆಲಿಗೆ ಬರೆದಿಟ್ಟಿದ್ದ ಹಳೆಯ ಪತ್ರ ಹರಿದು ಹೊಸದಾಗಿ ಬರೆದೆ. ಅವಳ ಬಗ್ಗೆ ಎರಡೇ ಸಾಲು, ಎರಡೂ ನಿಜ. ಆರೂವರೆ ದಾಟಿತು. ಎದ್ದು ದೀಪ ಹಾಕಿದೆ. ಕವರ್ ಇನ್ನೂ ಅಂಟಿಸಿಲ್ಲ... ಅಂಟಿಸಿದೆ. ಪೋಸ್ಟ್ ಮಾಡುವುದು ನಾಳೆ, ಮಾರ್ಚ್ ೧೭ — ಫೋನ್ ಬಂತು.